ಶ್ರೀರಂಗಪಟ್ಟಣಕ್ಕೆ ಇಪ್ಪತ್ತು ನಿಮಿಷ

ನಮ್ಮ ಟೀಮಿನ ಗೆಳೆಯನೊಬ್ಬ ಹೋದ ವರ್ಷ ಹೆಂಡತಿ ಜೊತೆ ಫ್ರಾನ್ಸ್ ಸುತ್ತಿ ಬಂದ. ಪ್ಯಾರಿಸ್‌ಗೆ ಎರಡೇ ದಿನ. ಉಳಿದ ಎಂಟು ದಿನ ಲ್ವಾರ್ ನದಿಯ ಕಣಿವೆಯಲ್ಲಿ ಬಾಡಿಗೆ ಕಾರು ತಗೊಂಡು ಕೋಟೆ, ತೋಟ, ಹಳ್ಳಿ ಅಂತ ಓಡಾಟ. ಬಂದ ಮೇಲಿನ ಮೊದಲ ಶನಿವಾರ ವಿಜಯನಗರದ ದರ್ಶಿನಿಯೊಂದರ ಮುಂದೆ ನಿಂತು, ಎರಡು ಕಾಫಿ ಮುಗಿಯುವಷ್ಟು ಹೊತ್ತು ಫೋಟೋ ತೋರಿಸಿದ. ಶೇರ್ ನದಿಗೆ ಅಡ್ಡಲಾಗಿ ಸೇತುವೆಯ ಮೇಲೇ ಎದ್ದು ನಿಂತ ಶೆನೊನ್ಸೋ ಅರಮನೆ, 1519ರಲ್ಲಿ ಶುರುವಾದ ನಾನೂರಕ್ಕೂ ಹೆಚ್ಚು ಕೋಣೆಗಳ ಶಾಂಬೋರ್, ಕಿಟಕಿಗಳಿಗೆಲ್ಲ ಹೂಕುಂಡ ಇಟ್ಟ ಕಲ್ಲುಮನೆಗಳ ಪುಟ್ಟ ಹಳ್ಳಿಗಳು. ಚೆನ್ನಾಗಿಯೇ ಇದ್ದವು, ಸುಳ್ಳು ಹೇಳಬಾರದು. ಕೊನೆಗೆ ಫೋನ್ ಜೇಬಿಗಿಟ್ಟು, ಇಂಥ ಹೊತ್ತಲ್ಲಿ ಎಲ್ಲರೂ ಹೇಳುವ ಮಾತನ್ನೇ ಹೇಳಿದ: "ಹೆಂಗ್ ಇಟ್ಕೊಂಡಿದಾರೆ ನೋಡು ಮಗಾ. ನಮ್ಮೋರೂ ಇದಾರೆ, ಏನೂ ಉಳಿಸ್ಕೊಳ್ಲಿಲ್ಲ."

ಈ ಮಾತಿನ ಮೇಲೆ ನನಗೆ ಬಹಳ ದಿನದ ತಕರಾರಿದೆ. ಪೂರ್ತಿ ಸುಳ್ಳು ಅಂತಲ್ಲ. ಆದ್ರೆ ಇದನ್ನ ಹೇಳೋರು ಯಾರು ಅಂತ ನೋಡಿ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಕಡೆಯ ನಾವು. ನಮ್ಮಲ್ಲಿ ಎಷ್ಟೋ ಜನರ ಅಪ್ಪನೋ ತಾತನೋ ಮಾಗಡಿ, ಕುಣಿಗಲ್, ನಾಗಮಂಗಲ, ಪಾಂಡವಪುರದಲ್ಲಿ ಬಸ್ಸು ಹತ್ತಿ ಬಂದವರು. ಕೋಟೆ ಇದ್ದದ್ದೂ, ತೋಟ ಇದ್ದದ್ದೂ, ಹಳ್ಳಿ ಇದ್ದದ್ದೂ ಆ ಊರುಗಳಲ್ಲೇ. ಉಳಿಸಿಕೊಳ್ಳದ "ನಮ್ಮೋರು" ಅಂದ್ರೆ ಹಾಗಾದ್ರೆ ಯಾರು? ಮಾತಲ್ಲಿ ಅದು ಯಾವಾಗಲೂ ಬೇರೆ ಯಾರೋ ಆಗಿರ್ತಾರೆ.

ಮೊದಲು ಫ್ರಾನ್ಸಿನ ವಿಷಯ ಮುಗಿಸಿಬಿಡ್ತೀನಿ. ಅವರು ಎಲ್ಲವನ್ನೂ ಇದ್ದ ಹಾಗೇ ಕಾಪಾಡಿಕೊಂಡು ಬಂದರು ಅನ್ನೋದು ನಮ್ಮ ಕಲ್ಪನೆ. 1789ರ ಕ್ರಾಂತಿಯ ನಂತರದ ವರ್ಷಗಳಲ್ಲಿ ಅರಮನೆಗಳು ಲೂಟಿಯಾದವು, ಶಾಂಬೋರಿನ ಪೀಠೋಪಕರಣಗಳು ಮಾರಾಟವಾಗಿ ಹೋದವು. ಗೆಳೆಯ ಅತಿ ಹೆಚ್ಚು ಫೋಟೋ ತೆಗೆದಿದ್ದು ವಿಲಾಂದ್ರಿ ಅನ್ನೋ ಕಡೆ. ಅಲ್ಲಿ ಅರಮನೆಯ ಮುಂದೆ ಒಂಬತ್ತು ಚೌಕಗಳ ತರಕಾರಿ ತೋಟ ಇದೆ. ಕೋಸು, ಬೀಟ್‌ರೂಟ್, ಕ್ಯಾರೆಟ್ಟನ್ನೇ ಬಣ್ಣಕ್ಕೆ ತಕ್ಕ ಹಾಗೆ ನೆಟ್ಟು ರಂಗೋಲಿ ಬಿಡಿಸಿದ್ದಾರೆ. ಹದಿನಾರನೇ ಶತಮಾನದ ತೋಟ ಅಂತ ಅವನು ಹೇಳಿದ. ಅಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿದ್ದದ್ದು ಇಂಗ್ಲಿಷ್ ಶೈಲಿಯ ಪಾರ್ಕು. 1906ರಲ್ಲಿ ಆ ಅರಮನೆಯನ್ನು ಕೊಂಡ ಜೋಕಿಮ್ ಕಾರ್ವಾಲ್ಹೋ ಎಂಬ ಸ್ಪೇನ್ ಮೂಲದ ವೈದ್ಯ ಅದನ್ನೆಲ್ಲ ಕಿತ್ತು, ಹಳೆಯ ಮಾದರಿ ಹುಡುಕಿ, ಹೊಸದಾಗಿ ಹಾಕಿಸಿದ ತೋಟ ಇದು. ನೂರು ಚಿಲ್ಲರೆ ವರ್ಷ ಅಷ್ಟೇ. ಯಾರೋ ಒಬ್ಬ ಹೊರಗಿನವನು ಬಂದು, ಇಲ್ಲಿ ಹಿಂಗಿತ್ತು, ಹಿಂಗೇ ಇರಬೇಕು ಅಂತ ಹಟ ಹಿಡಿದ ಫಲ.

(ಕೋಸಿನ ಫೋಟೋ ಹನ್ನೊಂದಿತ್ತು, ಎಣಿಸಿದೆ. ಅವನ ಅಜ್ಜಿ ಕುಣಿಗಲ್ ಹತ್ತಿರ ಹಿತ್ತಲಲ್ಲಿ ಇವತ್ತಿಗೂ ಅವರೆ, ಬದನೆ, ಹರಿವೆ ಹಾಕ್ತಾರೆ. ಅದರದ್ದು ಒಂದು ಫೋಟೋನೂ ಆ ಫೋನಲ್ಲಿಲ್ಲ. ಇದನ್ನ ಅವನಿಗೆ ಹೇಳಿ ಆಗಿದೆ, ಬೈಸಿಕೊಂಡೂ ಆಗಿದೆ.)

ಇನ್ನೊಂದು ಸಂಗತಿ ನನಗೆ ಮುಖ್ಯ ಅನ್ನಿಸುತ್ತೆ. 2000ದಲ್ಲಿ ಯುನೆಸ್ಕೋ ಲ್ವಾರ್ ಕಣಿವೆಯನ್ನು ತನ್ನ ಪಟ್ಟಿಗೆ ಸೇರಿಸಿದಾಗ, ಬರೀ ಅರಮನೆಗಳನ್ನು ಎಣಿಸಿ ಸೇರಿಸಲಿಲ್ಲ. ನದಿ, ಊರು, ಹಳ್ಳಿ, ದ್ರಾಕ್ಷಿ ತೋಟ, ಅರಮನೆ ಎಲ್ಲವನ್ನೂ ಒಂದೇ ಭೂದೃಶ್ಯ ಅಂತ ಸೇರಿಸಿತು. ನನ್ನ ಗೆಳೆಯ ಅಲ್ಲಿ ಎಂಟು ದಿನ ಕಳೆದದ್ದೂ ಅದಕ್ಕೇ. ಅರಮನೆ ನೋಡಿ, ತೋಟದಲ್ಲಿ ಕೂತು, ಪಕ್ಕದ ಹಳ್ಳಿಯಲ್ಲಿ ರಾತ್ರಿ ಉಳಿದು, ಬೆಳಗ್ಗೆ ಅಲ್ಲಿನ ಬೇಕರಿಯಲ್ಲಿ ಸಾಲಲ್ಲಿ ನಿಂತು ಬ್ರೆಡ್ ತಂದಿದ್ದ. ಅದನ್ನೂ ಫೋಟೋ ಹೊಡೆದಿದ್ದ.

ಅವನನ್ನೇ ಕರ್ಕೊಂಡು ಮುಂದಿನ ಭಾನುವಾರ ಶ್ರೀರಂಗಪಟ್ಟಣಕ್ಕೆ ಹೊರಟೆ. ಕೆಂಗೇರಿ ದಾಟುವಾಗ ಕೇಳಿದೆ, ಎಷ್ಟು ಸಲ ಹೋಗಿದೀಯ ಅಂತ. "ಹತ್ತು ಸಲ ಆದ್ರೂ ಹೋಗಿದೀನಿ, ಮೈಸೂರಿಗೆ ಹೋಗ್ತಾ." ಇದು ನಮ್ಮೆಲ್ಲರ ಉತ್ತರ. ಮೈಸೂರಿಗೆ ಹೋಗ್ತಾ. ರಂಗನಾಥನಿಗೆ ಕೈ ಮುಗಿದು, ಟಿಪ್ಪು ಬಿದ್ದ ಜಾಗ ಅಂತ ಕಲ್ಲು ನೋಡಿ, ಬಂದೀಖಾನೆಯೊಳಗೆ ಒಂದು ಸೆಲ್ಫಿ ತಗೊಂಡು, ಸೌತೆಕಾಯಿ ತಿಂದು ಕಾರು ಹತ್ತಿದರೆ ಮುಗೀತು. ಒಂದೊಂದು ಜಾಗಕ್ಕೆ ಇಪ್ಪತ್ತು ನಿಮಿಷ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದ ಮೇಲೆ ಅದೂ ಇಲ್ಲ. ರಸ್ತೆ ಊರನ್ನು ಬಳಸಿಕೊಂಡು ಹೋಗುತ್ತೆ. ಬಿಡದಿಯ ತಟ್ಟೆ ಇಡ್ಲಿಗೂ ಮದ್ದೂರಿನ ವಡೆಗೂ ಆದ ಗತಿಯೇ ಒಂದು ಹಳೆಯ ರಾಜಧಾನಿಗೂ ಆಗಿದೆ.

ದರಿಯಾ ದೌಲತ್‌ನಿಂದ ಶುರು ಮಾಡಿದ್ವಿ. 1784ರ ಬೇಸಿಗೆ ಅರಮನೆ, ತೇಗದ ಕಂಬಗಳು, ಸುತ್ತ ತೋಟ. ಪಶ್ಚಿಮದ ಗೋಡೆಯ ತುಂಬ 1780ರ ಪೊಳ್ಳಿಲೂರು ಯುದ್ಧದ ಚಿತ್ರ. ಹೈದರ್ ಮತ್ತು ಟಿಪ್ಪು ಸೈನ್ಯ ಕರ್ನಲ್ ಬೇಲಿಯ ತುಕಡಿಯನ್ನು ಸೋಲಿಸಿದ್ದು. ಇದರಲ್ಲಿ ದುರ್ಬೀನು ಹಿಡಿದ ಒಬ್ಬ ಫ್ರೆಂಚ್ ಅಧಿಕಾರಿ ಇದ್ದಾನೆ, ಲಾಲಿ ಅಂತ. ಗೆಳೆಯನಿಗೆ ತೋರಿಸಿದೆ: ನೋಡಪ್ಪಾ, ನಿನ್ನ ಫ್ರಾನ್ಸು. ಅವನು ಸ್ವಲ್ಪ ಹೊತ್ತು ನಿಂತ. ಈ ಚಿತ್ರವೂ ವಿಲಾಂದ್ರಿಯ ತೋಟದ ಹಾಗೇ, ಒಂದೇ ಸಲ ಬರೆದು ಉಳಿದುಕೊಂಡದ್ದಲ್ಲ. ಕೊನೆಯ ಯುದ್ಧಕ್ಕೆ ಮುಂಚೆ ಅಳಿಸಿಹಾಕಿದ್ದರು. ಪಟ್ಟಣ ಬಿದ್ದ ಮೇಲೆ ಇದೇ ಕಟ್ಟಡದಲ್ಲಿ ವಾಸವಿದ್ದ ಆರ್ಥರ್ ವೆಲ್ಲೆಸ್ಲಿ ಮತ್ತೆ ಬರೆಸಿದ. ಅದೂ ಮಾಸಿದಾಗ 1850ರ ದಶಕದಲ್ಲಿ ಡಾಲ್‌ಹೌಸಿಯ ಆದೇಶದಿಂದ ಇನ್ನೊಮ್ಮೆ ಬರೆಸಿದರು. ಅಂದ್ರೆ ಬ್ರಿಟಿಷರು ತಾವು ಸೋತ ಯುದ್ಧದ ಚಿತ್ರವನ್ನು ತಾವೇ ಎರಡು ಸಲ ಬರೆಸಿದ್ದಾರೆ. ಇಂಥದ್ದೊಂದು ಕಥೆ ಲ್ವಾರ್ ಕಣಿವೆಯಲ್ಲಿ ಇದ್ದಿದ್ರೆ ಆಡಿಯೋ ಗೈಡಲ್ಲಿ ಹತ್ತು ನಿಮಿಷ ಕೇಳಿಸಿಕೊಳ್ತಿದ್ವಿ. ಇಲ್ಲಿ ನಮ್ಮ ಹಿಂದೆ ನಿಂತಿದ್ದ ಕುಟುಂಬ, "ಬರೀ ಗೋಡೆ" ಅಂತ ಮುಂದಕ್ಕೆ ಹೋಯ್ತು. ಅವರನ್ನ ದೂರಲ್ಲ. ಹತ್ತು ಸಲ ನಾನೂ ಹಾಗೇ ಹೋಗಿದೀನಿ.

ಹಾಗಂತ ಇಲ್ಲಿ ಎಲ್ಲ ಉಳಿದಿದೆ ಅಂತಲೂ ಅಲ್ಲ. ಕೋಟೆಯೊಳಗೆ ರಂಗನಾಥ ದೇವಸ್ಥಾನದ ಎದುರು ಟಿಪ್ಪುವಿನ ಲಾಲ್ ಮಹಲ್ ಇತ್ತು, ಈಗ ಪಾಯ ಮಾತ್ರ ಇದೆ. ದ್ವೀಪದ ಇನ್ನೊಂದು ತುದಿಯ ಲಾಲ್‌ಬಾಗ್ ಅರಮನೆಯೂ ಹೋಯ್ತು. ಅದರ ಮರಮುಟ್ಟು ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿನ ಚಾವಣಿ ಹೊತ್ತು ನಿಂತಿದೆ. ನಾವು ಇದೇ ರಸ್ತೆ ಹಿಡಿದು ಊಟಿಗೆ ಹೋಗಿ ಆ ಚರ್ಚನ್ನು ಬ್ರಿಟಿಷರ ಕಾಲದ್ದು ಅಂತ ಮೆಚ್ಚಿಕೊಂಡು ಬರ್ತೀವಿ. 1799ರ ಮೇ 4ರಂದು ಕೋಟೆ ಬಿತ್ತು, ರಾಜಧಾನಿ ಮೈಸೂರಿಗೆ ಹೋಯ್ತು. ಇಲ್ಲಿ ಉಳಿದ ಬ್ರಿಟಿಷ್ ಸೈನ್ಯ ಜ್ವರಕ್ಕೆ ಬೇಸತ್ತು 1809ರ ಹೊತ್ತಿಗೆ ಬೆಂಗಳೂರಿಗೆ ಬಂತು. ನಮ್ಮ ದಂಡು ಪ್ರದೇಶ ಹುಟ್ಟಿದ್ದು ಹಾಗೆ. ಎಂಜಿ ರೋಡಿಗೆ ಶ್ರೀರಂಗಪಟ್ಟಣದ ಸೊಳ್ಳೆಗಳದ್ದೂ ಒಂದು ಪಾಲಿದೆ.

ಕೆಲಸ ಮಾಡೋ ಶಕ್ತಿ ನಮಗಿಲ್ಲ ಅನ್ನೋದನ್ನಂತೂ ಒಪ್ಪಲ್ಲ. 2017ರಲ್ಲಿ ಬೆಂಗಳೂರು-ಮೈಸೂರು ಜೋಡಿ ಹಳಿಗೆ ಅಡ್ಡ ಬಂದಿದೆ ಅಂತ, ಸುಮಾರು 1,000 ಟನ್ ತೂಕದ ಟಿಪ್ಪುವಿನ ಮದ್ದಿನ ಮನೆಯನ್ನು ಇಡಿಯಾಗಿ ಎತ್ತಿ 130 ಮೀಟರ್ ಆಚೆ ಸರಿಸಿ ಇಟ್ಟರು. ಒಂದು ಇಟ್ಟಿಗೆ ಒಡೆಯದ ಹಾಗೆ ಕಟ್ಟಡ ಎತ್ತಿಡುವ ನಾಡಿಗೆ ಅದರ ಪಕ್ಕ ನಾಲ್ಕು ಸಾಲು ಸರಿಯಾಗಿ ಬರೆದ ಫಲಕ ಹಾಕೋದು ಕಷ್ಟವಾ?

ಊರಿನ ಮಾತಿಗೆ ಬರ್ತೀನಿ, ನನ್ನ ನಿಜವಾದ ತಕರಾರು ಅಲ್ಲಿರೋದು. ಶ್ರೀರಂಗಪಟ್ಟಣ 2014ರಿಂದ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲಿದೆ. ಅಲ್ಲಿ ನಾವೇ ಕೊಟ್ಟಿರುವ ಹೆಸರು ನೋಡಿ: ಶ್ರೀರಂಗಪಟ್ಟಣ ದ್ವೀಪಪಟ್ಟಣದ ಸ್ಮಾರಕಗಳು. ಹೆಸರಲ್ಲೇ ಪಟ್ಟಣ ಇದೆ. ಆದ್ರೆ ನಾವು ನೋಡೋದು ಸ್ಮಾರಕಗಳನ್ನ ಮಾತ್ರ. ಕೋಟೆ ಗೋಡೆಯ ಒಳಗೆ ಇವತ್ತಿಗೂ ಬೀದಿಗಳಿವೆ, ಜಗಲಿಗಳಿವೆ, ಶಾಲೆಗೆ ಹೋಗೋ ಮಕ್ಕಳಿದ್ದಾರೆ. ನಾವು ಆ ಬೀದಿಗಳಲ್ಲೇ ಕಾರು ನಿಲ್ಲಿಸ್ತೀವಿ. ನನ್ನ ಗೆಳೆಯ ಫ್ರಾನ್ಸಿನ ಹಳ್ಳಿಯ ಕಿಟಕಿ, ಬಾಗಿಲು, ಬೆಕ್ಕು ಎಲ್ಲದರ ಫೋಟೋ ತೆಗೆದಿದ್ದ. ಇಲ್ಲಿ ಹತ್ತು ಸಲ ಬಂದಿದ್ದರೂ ಕೋಟೆಯೊಳಗೆ ಒಂದು ಮನೆ ಇದ್ದದ್ದು ಅವನಿಗೆ ನೆನಪಿರಲಿಲ್ಲ.

ಗಂಜಾಂ ಇನ್ನೂ ದೊಡ್ಡ ಉದಾಹರಣೆ. ಬೆಂಗಳೂರಿನಿಂದ ನಿಮಿಷಾಂಬೆಗೆ ಹೋಗದ ಮನೆ ನಮ್ಮ ಕಡೆ ಕಮ್ಮಿ. ಆ ದೇವಸ್ಥಾನ ಇರೋದು ಗಂಜಾಮಿನಲ್ಲಿ. ಟಿಪ್ಪು ತನ್ನ ರಾಜಧಾನಿಯ ಪಕ್ಕ ಈ ಪೇಟೆಯನ್ನು ತುಂಬಿಸೋಕೆ ಸಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ತಂದ ಅಂತ ರೈಸ್ ಸಾಹೇಬರ ಗೆಜೆಟಿಯರ್ ಹೇಳುತ್ತೆ. ಸಂಖ್ಯೆಯನ್ನ ಹೆಚ್ಚುಕಮ್ಮಿ ಮಾಡಿಕೊಂಡರೂ ವಿಷಯ ದೊಡ್ಡದು. ಸಿರಾದ ಯಾವುದೋ ಓಣಿಯಲ್ಲಿ ಬೀಗ ಹಾಕಿಸಿ, ಸಾಮಾನು ಹೊರಿಸಿ, ಕಾವೇರಿ ದಡದವರೆಗೆ ನಡೆಸಿಕೊಂಡು ಬಂದಿರಬೇಕು. ಟಿಪ್ಪು ಹೆಸರು ಎತ್ತಿದ ಕೂಡಲೇ ನಮ್ಮ ಆಫೀಸಿನ ಊಟದ ಟೇಬಲ್ಲು ಎರಡು ಪಕ್ಷ ಆಗುತ್ತೆ, ಒಳ್ಳೆಯವನಾ ಕೆಟ್ಟವನಾ ಅಂತ. ಗಂಟೆಗಟ್ಟಲೆ ನಡೆಯೋ ಆ ಜಗಳದಲ್ಲಿ ಎರಡೂ ಪಕ್ಷದವರಿಗೆ ಗಂಜಾಂ ಎಲ್ಲಿದೆ ಅಂತ ಗೊತ್ತಿರಲಿಲ್ಲ. ದೊರೆಯ ಮೇಲೆ ಇಷ್ಟು ಮಾತಾಡೋರು ಅವನು ಎಬ್ಬಿಸಿ ತಂದ ಜನದ ಬಗ್ಗೆ ಒಂದು ಪ್ರಶ್ನೆ ಕೇಳಿದ್ದು ನಾನಂತೂ ಕೇಳಿಲ್ಲ. ಆಮೇಲೆ ಅದೇ ಗಂಜಾಂ ಅಂಜೂರಕ್ಕೆ ಹೆಸರಾಯ್ತು. ಫ್ರಾನ್ಸಲ್ಲಿ ಆಗಿದ್ರೆ ಊರಿನ ಹೆಸರಲ್ಲೇ ಜ್ಯಾಮ್ ಬಾಟಲಿ ಬರ್ತಿತ್ತು, ನಾವು ಡ್ಯೂಟಿ ಫ್ರೀಯಲ್ಲಿ ಕೊಂಡು ತರ್ತಿದ್ವಿ.

ಮಾಗಡಿ ರಸ್ತೆಯಲ್ಲೂ ಇದೇ ಕತೆ, ಬೇಗ ಹೇಳಿಬಿಡ್ತೀನಿ. ಬಸವೇಶ್ವರನಗರದಿಂದ ಬೆಳಗಿನ ಜಾವ ಬೈಕಲ್ಲಿ ಸಾವನದುರ್ಗಕ್ಕೆ ಹೋಗೋರು ನೂರಾರು. 1791ರ ಡಿಸೆಂಬರ್ 21ರಂದು ಕಾರ್ನ್‌ವಾಲಿಸನ ಸೈನ್ಯ ಗೆದ್ದ ಕೋಟೆ ಅದು. ನಮಗದು ಕೋಟೆ ಅಲ್ಲ, "ಟ್ರೆಕ್". ಎಷ್ಟು ನಿಮಿಷದಲ್ಲಿ ಹತ್ತಿದೆ ಅಂತ ಗಡಿಯಾರ ತೋರಿಸ್ತೀವಿ.

ಫ್ರೆಂಚ್ ರಾಕ್ಸ್ ವಿಷಯ ಹೇಳದಿದ್ರೆ ಈ ಜಗಳ ಪೂರ್ತಿ ಆಗಲ್ಲ. ಶ್ರೀರಂಗಪಟ್ಟಣದ ಉತ್ತರಕ್ಕೆ ಕೆಲವೇ ಮೈಲಿ ದೂರದ ಹಿರೋಡೆ ಅನ್ನೋ ಊರಿನ ಬಂಡೆಗಳ ಬಳಿ ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಬೀಡು ಬಿಟ್ಟಿದ್ದರು. ಹಾಗಾಗಿ ಇಂಗ್ಲಿಷರ ಬಾಯಲ್ಲಿ ಅದು ಫ್ರೆಂಚ್ ರಾಕ್ಸ್ ಆಯ್ತು, ರೈಲ್ವೆ ಸ್ಟೇಷನ್ನಿಗೂ ಅದೇ ಹೆಸರಿತ್ತು. ಈಗ ಪಾಂಡವಪುರ. ನನ್ನ ಅಮ್ಮನ ತವರು ಆ ಕಡೆಯ ಹಳ್ಳಿ. ರಜಕ್ಕೆ ಹೋದಾಗ ಕುಂತಿ ಬೆಟ್ಟದ ಬಂಡೆ ಮೇಲೆ ಜಾರಿ ಚಡ್ಡಿ ಹರಿದುಕೊಂಡಿದ್ದೀನಿ. ಅಲ್ಲಿ ಫ್ರಾನ್ಸಿನವರು ಇದ್ದರು ಅಂತ ಒಬ್ಬರೂ ಹೇಳಿರಲಿಲ್ಲ. ಭೀಮನ ಕತೆ ಹೇಳ್ತಿದ್ರು, ಅದಕ್ಕೇನೂ ಬೇಜಾರಿಲ್ಲ.

1788ರಲ್ಲಿ ಟಿಪ್ಪುವಿನ ಮೂವರು ರಾಯಭಾರಿಗಳು ವರ್ಸಾಯ್‌ಗೆ ಹೋಗಿ ಹದಿನಾರನೇ ಲೂಯಿಯನ್ನು ಕಂಡರು. ಸೈನ್ಯದ ಸಹಾಯದ ಜೊತೆಗೆ ಕುಶಲಕರ್ಮಿಗಳು, ಗಿಡ, ಬೀಜ ಬೇಕು ಅಂತಲೂ ಕೇಳಿದ್ದರು. ಮರು ವರ್ಷವೇ ಅಲ್ಲಿ ಕ್ರಾಂತಿ. 1797ರಲ್ಲಿ ಶ್ರೀರಂಗಪಟ್ಟಣದಲ್ಲೇ ಫ್ರೆಂಚರು ಜಾಕೊಬಿನ್ ಕ್ಲಬ್ಬು ಕಟ್ಟಿ, ಸ್ವಾತಂತ್ರ್ಯದ ಮರ ನೆಟ್ಟು, ರಾಜರನ್ನೆಲ್ಲ ದ್ವೇಷಿಸ್ತೀವಿ, ಟಿಪ್ಪು ಒಬ್ಬನನ್ನು ಬಿಟ್ಟು, ಅಂತ ಪ್ರಮಾಣ ಮಾಡಿದರಂತೆ. ಬ್ರಿಟಿಷರು ಪ್ರಕಟಿಸಿದ ಕಾಗದಪತ್ರಗಳಲ್ಲಿ ಇರೋದು ಇದು. ಅವನ್ನು ಅನುಮಾನದಿಂದ ನೋಡೋ ಇತಿಹಾಸಕಾರರೂ ಇದ್ದಾರೆ. ಅರಮನೆಗಳನ್ನು ಲೂಟಿ ಮಾಡಿದ ಕ್ರಾಂತಿಯ ಒಂದು ತುಣುಕು ನಮ್ಮ ಕಾವೇರಿ ದಡಕ್ಕೂ ಬಂದಿತ್ತು ಅನ್ನೋದು ಕೇಳಿ ಗೆಳೆಯ, "ಇದನ್ನ ಯಾಕೆ ಯಾರೂ ಹೇಳಲ್ಲ?" ಅಂದ. ಇಪ್ಪತ್ತು ನಿಮಿಷದಲ್ಲಿ ಯಾರು ಹೇಳ್ತಾರೆ?

ಮಧ್ಯಾಹ್ನ ಕೋಟೆಯೊಳಗಿನ ಒಂದು ಬೀದಿಯಲ್ಲಿ ನೆರಳು ಹುಡುಕಿಕೊಂಡು ನಿಂತಿದ್ವಿ. ಜಗಲಿ ಮೇಲೆ ಕೂತಿದ್ದ ಹಿರಿಯರೊಬ್ಬರು ಕೂರೋಕೆ ಹೇಳಿ, ನೀರು ಕೊಟ್ರು. ಹೆಂಚಿನ ಮನೆ, ಒಂದು ಕಡೆ ಗೋಡೆ ಬಿರುಕು ಬಿಟ್ಟಿತ್ತು. ಮಾತಿಗೆ ಮಾತು ಬಂದು ಮಗನ ವಿಷಯ ಬಂತು. ಮದುವೆ ಆದ ಮೇಲೆ ಮೇಲೊಂದು ರೂಮು ಬೇಕಿತ್ತು, ಕಟ್ಟೋ ಹಾಗಿಲ್ಲ. ಮಗ ಈಗ ಕೆಂಗೇರಿ ಉಪನಗರದಲ್ಲಿ ಬಾಡಿಗೆಗಿದ್ದಾನೆ, ಹಬ್ಬಕ್ಕೆ ಬರ್ತಾನೆ.

ಕಟ್ಟೋ ಹಾಗಿಲ್ಲ ಅನ್ನೋದು ಕಾನೂನು. 1958ರ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಬಂತು. ರಾಷ್ಟ್ರೀಯ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಏನೂ ಕಟ್ಟುವಂತಿಲ್ಲ. ಹಳೆ ಮನೆ ರಿಪೇರಿಗೂ ಅನುಮತಿ ಬೇಕು. ಅದರಾಚೆಯ 200 ಮೀಟರ್‌ನಲ್ಲಿ ಕಟ್ಟೋಕೂ ಅನುಮತಿ ಬೇಕು. ಹೆಜ್ಜೆಗೊಂದು ಸ್ಮಾರಕ ಇರುವ ಊರಲ್ಲಿ ಈ ವೃತ್ತಗಳನ್ನು ನಕ್ಷೆ ಮೇಲೆ ಎಳೆದು ನೋಡಿ, ಎಷ್ಟು ಮನೆ ಹೊರಗೆ ಉಳಿಯುತ್ತೆ ಅಂತ. ಕಾನೂನೇ ಬೇಡ ಅಂತ ನಾನು ಹೇಳಲ್ಲ. ಅದಿಲ್ಲದಿದ್ರೆ ಕೋಟೆ ಗೋಡೆಗೆ ಒರಗಿಕೊಂಡು ನಾಲ್ಕು ಮಹಡಿ ಲಾಡ್ಜು ಏಳ್ತಿತ್ತು. ಆದ್ರೆ ಫ್ರಾನ್ಸಲ್ಲೂ ಇಂಥದ್ದಿದೆ, ವೃತ್ತ ನಮ್ಮದಕ್ಕಿಂತ ದೊಡ್ಡದು. 1943ರ ಕಾನೂನಿನಿಂದ ಬಂದದ್ದು, ಸ್ಮಾರಕದ ಸುತ್ತ 500 ಮೀಟರ್. ವ್ಯತ್ಯಾಸ ಏನಪ್ಪಾ ಅಂದ್ರೆ, ಅಲ್ಲಿ ಕಟ್ಟಲೇಬೇಡಿ ಅನ್ನಲ್ಲ. ಸರ್ಕಾರ ನೇಮಿಸಿದ ವಾಸ್ತುಶಿಲ್ಪಿಯೊಬ್ಬರು ನಕ್ಷೆ ನೋಡಿ ಹೆಂಚು ಯಾವುದು, ಕಿಟಕಿ ಎಷ್ಟಗಲ, ಗೋಡೆಗೆ ಯಾವ ಬಣ್ಣ ಅಂತ ಹೇಳ್ತಾರೆ. ಅವರನ್ನ ಬೈಯದ ಫ್ರೆಂಚ್ ಮನೆಯೊಡೆಯ ಇಲ್ವಂತೆ. ಬೈಯಲಿ. ಬೈದರೂ ಮನೆ ಕಟ್ತಾನೆ, ಮಗ ಅಲ್ಲೇ ಇರ್ತಾನೆ. ಗೆಳೆಯ ಮೆಚ್ಚಿಕೊಂಡ ಕಿಟಕಿ, ಹೂಕುಂಡ ಎಲ್ಲ ಆ ಬೈಗುಳದ ಫಲ. ನಮ್ಮಲ್ಲಿ ಬೇಡ ಅಂದು ಬಾಗಿಲು ಹಾಕ್ತೀವಿ, ಊರು ಹಾಗೇ ಬಿರುಕು ಬಿಡುತ್ತೆ, ನಾವು ಫೋಟೋದಲ್ಲಿ ಬರದ ಹಾಗೆ ಕ್ಯಾಮೆರಾ ತಿರುಗಿಸ್ತೀವಿ.

ಅವರ ದಾರಿಯಲ್ಲೂ ತೊಂದರೆ ಇದೆ, ಅದನ್ನೂ ಹೇಳಬೇಕು. 1982ರಲ್ಲಿ ಅಲ್ಲಿ "ಫ್ರಾನ್ಸಿನ ಅತಿ ಚೆಲುವಾದ ಹಳ್ಳಿಗಳು" ಅಂತ ಸಂಘ ಕಟ್ಟಿದರು. ಸೇರಬೇಕಾದ್ರೆ ಜನಸಂಖ್ಯೆ 2,000 ಮೀರಬಾರದು. ಗೆಳೆಯನೇ ಒಪ್ಪಿಕೊಂಡ, ಅಂಥ ಒಂದು ಹಳ್ಳಿಯಲ್ಲಿ ಬೀದಿ ತುಂಬ ಸಾಬೂನು, ಐಸ್‌ಕ್ರೀಮು, ಮ್ಯಾಗ್ನೆಟ್ ಅಂಗಡಿ, ಸಂಜೆ ಆರಕ್ಕೆ ಎಲ್ಲ ಬಾಗಿಲು. ಅಲ್ಲಿ ಉಳಿಯೋರು ಯಾರು ಅಂತ ಅವನಿಗೂ ಗೊತ್ತಾಗಲಿಲ್ಲ. ಶ್ರೀರಂಗಪಟ್ಟಣ ಹಾಗಾಗೋದು ನನಗೆ ಬೇಡ. ಆ ಜಗಲಿ ಮೇಲೆ ನೀರು ಕೊಡೋರು ಇರಬೇಕು, ಮ್ಯಾಗ್ನೆಟ್ ಮಾರೋರಲ್ಲ.

ವಾಪಸ್ ಬರ್ತಾ ಗೆಳೆಯ ಹೆಚ್ಚು ಮಾತಾಡಲಿಲ್ಲ. ನಾಯಂಡಹಳ್ಳಿ ಜಂಕ್ಷನ್ನಿನ ಟ್ರಾಫಿಕ್ಕಲ್ಲಿ ನಿಂತಾಗ, "ಅವರ ಮಗ ನಮ್ಮ ಥರಾನೇ ಯಾವುದೋ ಕಂಪನಿಲಿ ಇರಬೇಕಲ್ವಾ" ಅಂದ. ಇರಬಹುದು ಅಂದೆ. ಯಾರಿಗೆ ಗೊತ್ತು, ವಾರಾಂತ್ಯಕ್ಕೆ ಅವನೂ ಸಾವನದುರ್ಗ ಹತ್ತುತ್ತಿರಬಹುದು.

ಮನೆಗೆ ಬಂದಾಗ ರಾತ್ರಿ ಒಂಬತ್ತಾಗಿತ್ತು. ಅಮ್ಮ ತಟ್ಟೆ ಹಾಕ್ತಾ ಎಲ್ಲಿಗೆ ಹೋಗಿದ್ದೆ ಅಂತ ಕೇಳಿದ್ರು. ಶ್ರೀರಂಗಪಟ್ಟಣಕ್ಕೆ ಅಂದೆ.

"ಯಾರ ಮನೆಗೆ?"

ದರಿಯಾ ದೌಲತ್‌ಗೆ ಅಂದೆ. ಅಮ್ಮನಿಗೆ ಅರ್ಥ ಆಗಲಿಲ್ಲ. ಮತ್ತೆ ಕೇಳಿದ್ರು, "ಅಲ್ವೋ, ಅಷ್ಟು ದೂರ ಹೋಗಿ ಯಾರ ಮನೆಗೆ ಹೋಗಿದ್ರಿ?"